ದನಿ ಗೊತ್ತು, ಹೆಸರು ಗೊತ್ತಿಲ್ಲ: ಗುಬ್ಬಿ ಕಂಪನಿಯ ಮೊಮ್ಮಗಳು ಬಿ. ಜಯಶ್ರೀ

ಜಾತ್ರೆಯ ಆರ್ಕೆಸ್ಟ್ರಾದಲ್ಲಿ, ಮದುವೆ ಮನೆಯ ಸೌಂಡ್ ಬಾಕ್ಸಿನಲ್ಲಿ, ಉಳುಮೆ ಮಾಡುವ ಟ್ರ್ಯಾಕ್ಟರಿನ ಟೇಪಿನಲ್ಲಿ ಕಾರಿನ ಮೇಲೆ ಕಟ್ಟಿದ ಒಂದು ಹಾಡು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಓಡುತ್ತಲೇ ಇದೆ. 2001ರಲ್ಲಿ ಬಂದ ನಾಗತಿಹಳ್ಳಿ ಚಂದ್ರಶೇಖರ್ ಅವರ 'ನನ್ನ ಪ್ರೀತಿಯ ಹುಡುಗಿ' ಚಿತ್ರದ ಹಾಡು ಅದು. ಸಂಗೀತ ಮನೋಮೂರ್ತಿ ಅವರದು. ಹಾಡು ಶುರುವಾದರೆ ಐದು ವರ್ಷದ ಮಕ್ಕಳೂ ಕುಣಿಯುತ್ತವೆ. ಆ ಗಟ್ಟಿ, ಒಡೆದ, ಮಣ್ಣಿನ ವಾಸನೆಯ ಹೆಣ್ಣು ದನಿ ಯಾರದು ಎಂದು ಕೇಳಿದರೆ ಮಾತ್ರ ಹತ್ತರಲ್ಲಿ ಒಬ್ಬರೋ ಇಬ್ಬರೋ ಹೇಳುತ್ತಾರೆ.

ಆ ದನಿ ಬಿ. ಜಯಶ್ರೀ ಅವರದು.

ರಾಜ್‌ಕುಮಾರ್ ಅವರ ಹಳೆಯ ಸಿನಿಮಾಗಳನ್ನು ನೀವು ಟಿವಿಯಲ್ಲಿ ನೋಡುತ್ತೀರಲ್ಲ, ಅವುಗಳಲ್ಲಿ ಹಲವು ನಾಯಕಿಯರು ಮಾತಾಡಿದ್ದೂ ಇದೇ ದನಿಯಲ್ಲಿ. 'ನಾಗಮಂಡಲ'ದ ಕುರುಡವ್ವ ಇವರೇ. ರಂಗದ ಮೇಲೆ 'ಕರಿಮಾಯಿ'ಯನ್ನು ಕುಣಿಸಿದವರೂ ಇವರೇ. ರಾಜ್ಯಸಭೆಯಲ್ಲಿ ಆರು ವರ್ಷ ಕೂತವರೂ ಇವರೇ. ಇಷ್ಟೆಲ್ಲ ಕೆಲಸ ಒಬ್ಬರದು ಎಂದು ಗೊತ್ತಿರುವವರು ಕಡಿಮೆ. ಅವರ ಮನೆತನದ ಬೇರು ನಮ್ಮ ತುಮಕೂರು ಜಿಲ್ಲೆಯದು ಎಂದು ಗೊತ್ತಿರುವವರು ಇನ್ನೂ ಕಡಿಮೆ. ಅದಕ್ಕೇ ಈ ಬರಹ. ಅವರ ಕಥೆ ಹೇಳಬೇಕೆಂದರೆ ಗುಬ್ಬಿಯಿಂದಲೇ ಹೊರಡಬೇಕು.

ಗುಬ್ಬಿಯಿಂದ ಹೊರಟ ಕಂಪನಿ

ತುಮಕೂರು ದಾಟಿ ತಿಪಟೂರು ಕಡೆಗೆ ಹೊರಟರೆ ಸಿಗುವ ಊರು ಗುಬ್ಬಿ. ಊರ ದೇವರು ಚನ್ನಬಸವೇಶ್ವರ. ಆ ದೇವರ ಹೆಸರಿನಲ್ಲಿ 1884ರಲ್ಲಿ ಊರಿನವರೇ ಸೇರಿ ಒಂದು ನಾಟಕ ಮಂಡಳಿ ಕಟ್ಟಿದರು. ಅದರಲ್ಲಿ ಬಾಲನಟನಾಗಿ ಸೇರಿದ ಹುಡುಗ ವೀರಣ್ಣ. ಹುಟ್ಟಿದ್ದು 1891ರಲ್ಲಿ. ಮುಂದೆ ಅದೇ ಹುಡುಗ ಕಂಪನಿಯ ಯಜಮಾನನಾದ, ನಾಟಕರತ್ನ ಗುಬ್ಬಿ ವೀರಣ್ಣ ಎಂದು ಹೆಸರಾದ. ತುಮಕೂರಿನ ಕಲಾಕ್ಷೇತ್ರಕ್ಕೆ ಇಟ್ಟಿರುವುದು ಅವರದೇ ಹೆಸರು. ರಾಜ್ಯ ಸರ್ಕಾರ ರಂಗಕರ್ಮಿಗಳಿಗೆ ಕೊಡುವ ಒಂದು ದೊಡ್ಡ ಪ್ರಶಸ್ತಿಗೂ ಅವರದೇ ಹೆಸರು.

ಕಂಪನಿ ನಾಟಕ ಅಂದರೆ ಏನು ಎಂದು ಇವತ್ತಿನ ಹುಡುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಊರಿನಲ್ಲಿ ಟೆಂಟು ಹಾಕಿ ತಿಂಗಳುಗಟ್ಟಲೆ ಕ್ಯಾಂಪು ಮಾಡುವುದು. ಜನ ಬರುವಷ್ಟು ದಿನ ಆಡುವುದು. ಜನ ಕಡಿಮೆಯಾದರೆ ಪರದೆ, ಪೆಟ್ಟಿಗೆ, ಪಾತ್ರೆಪಗಡ ಎಲ್ಲ ಕಟ್ಟಿಕೊಂಡು ಮುಂದಿನ ಊರು. ನಟರು, ಹಾರ್ಮೋನಿಯಂ ಮೇಷ್ಟ್ರು, ತಬಲದವರು, ಪರದೆ ಎಳೆಯುವವರು, ಬಟ್ಟೆ ಹೊಲಿಯುವವರು, ಅಡುಗೆಯವರು, ಇವರೆಲ್ಲರ ಹೆಂಡತಿ ಮಕ್ಕಳು, ಎಲ್ಲ ಸೇರಿ ಒಂದು ಸಣ್ಣ ಊರೇ ಗಾಡಿ ಹತ್ತಿದ ಹಾಗೆ. ಗುಬ್ಬಿ ಕಂಪನಿ ಹೀಗೆ ಕರ್ನಾಟಕವನ್ನಷ್ಟೇ ಅಲ್ಲ, ಆಂಧ್ರ, ತಮಿಳುನಾಡನ್ನೂ ಸುತ್ತಿತು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು. 'ಸದಾರಮೆ'ಯಲ್ಲಿ ವೀರಣ್ಣನವರ ಕಳ್ಳನ ಪಾತ್ರ ನೋಡಲು ಗಾಡಿ ಕಟ್ಟಿಕೊಂಡು ಬರುತ್ತಿದ್ದರು ಎಂದು ನಮ್ಮ ಕಡೆ ಹಿರಿಯರು ಈಗಲೂ ಹೇಳುತ್ತಾರೆ.

ಈ ಕಂಪನಿಯಲ್ಲಿ ಪಳಗಿದವರ ಪಟ್ಟಿ ನೋಡಿದರೆ ಕನ್ನಡ ಸಿನಿಮಾದ ಚರಿತ್ರೆ ನೋಡಿದ ಹಾಗಾಗುತ್ತದೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಇಲ್ಲಿ ನಟರು. ಅವರ ಮಗ ಮುತ್ತುರಾಜ ಇಲ್ಲೇ ಬಣ್ಣ ಹಚ್ಚಿ ಬೆಳೆದು, 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದಿಂದ ರಾಜ್‌ಕುಮಾರ್ ಆದರು. ಆ ಚಿತ್ರ ತೆಗೆದ ಸಂಸ್ಥೆಯಲ್ಲೂ ಗುಬ್ಬಿಯ ಹೆಸರಿತ್ತು. ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಇವರಿಗೂ ಈ ಕಂಪನಿಯ ಅನ್ನದ ಋಣವಿತ್ತು. ದಕ್ಷಿಣ ಕನ್ನಡದ ಮಂಚಿಯ ಕಡೆಯಿಂದ ಮನೆ ಬಿಟ್ಟು ಬಂದ ಒಬ್ಬ ಹುಡುಗ ಇಲ್ಲಿ ಸೇರಿಕೊಂಡ. ಅವನ ಬುದ್ಧಿ ನೋಡಿ ವೀರಣ್ಣನವರೇ ಓದಲು ಕಾಶಿಗೆ ಕಳಿಸಿದರು. ಆ ಹುಡುಗನೇ ಬಿ.ವಿ. ಕಾರಂತ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಹೆಣ್ಣು ರಂಗಕ್ಕೆ ಬಂದಾಗ

ಕಂಪನಿ ನಾಟಕದ ಮೊದಲ ದಿನಗಳಲ್ಲಿ ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಮೀಸೆ ಬೋಳಿಸಿ, ಸೀರೆ ಉಟ್ಟು, ಸೆರಗು ಹೊದ್ದು ನಡೆಯುವ ಗಂಡಸರಿಗೆ ದೊಡ್ಡ ಬೇಡಿಕೆ ಇತ್ತು. ಹೆಂಗಸರು ರಂಗ ಹತ್ತುವುದೆಂದರೆ ಮರ್ಯಾದೆ ಬಿಟ್ಟವರ ಕೆಲಸ ಎಂಬ ಮಾತು ಊರೂರಲ್ಲೂ ಇತ್ತು.

ಗುಬ್ಬಿ ಕಂಪನಿ ಆ ಮಾತನ್ನು ಲೆಕ್ಕಿಸದೆ ಹೆಂಗಸರನ್ನು ರಂಗಕ್ಕೆ ತಂದ ಕಂಪನಿಗಳಲ್ಲಿ ಮುಂದಿನ ಸಾಲಿನದು. ಬಿ. ಸುಂದರಮ್ಮ ಬಂದರು, ಬಿ. ಜಯಮ್ಮ ಬಂದರು. ಇಬ್ಬರೂ ವೀರಣ್ಣನವರ ಪತ್ನಿಯರು. ಜಯಮ್ಮನವರ ಹಾಡು ಕೇಳಲೆಂದೇ ಜನ ಬರುತ್ತಿದ್ದರು. 1945ರಲ್ಲಿ ಬಂದ 'ಹೇಮರೆಡ್ಡಿ ಮಲ್ಲಮ್ಮ' ಸಿನಿಮಾದಲ್ಲಿ ಮಲ್ಲಮ್ಮನಾಗಿ ಅವರು ಮನೆಮನೆಗೆ ತಲುಪಿದರು.

ಆದರೆ ರಂಗದ ಮೇಲೆ ಸೀತೆ, ದ್ರೌಪದಿ, ಮಲ್ಲಮ್ಮ ಎಂದು ಕೈ ಮುಗಿಸಿಕೊಂಡ ಹೆಂಗಸಿಗೆ ಪರದೆ ಬಿದ್ದ ಮೇಲೆ ಸಿಗುತ್ತಿದ್ದ ಮರ್ಯಾದೆಯೇ ಬೇರೆ. ಕ್ಯಾಂಪಿಗೆ ಹೋದ ಊರಿನಲ್ಲಿ ಬಾಡಿಗೆ ಮನೆ ಕೊಡಲು ಹಿಂದುಮುಂದು ನೋಡುತ್ತಿದ್ದರು. ನಾಟಕದವರ ಮಗಳು ಎಂದರೆ ಸಂಬಂಧ ಕೇಳುವವರು ಕಡಿಮೆ. ಕಂಪನಿಯ ಹೆಂಗಸರು ದುಡಿದು ತಂದದ್ದರಲ್ಲಿ ಎಷ್ಟೋ ಸಂಸಾರ ನಡೆದವು. ಕಂಪನಿಯ ಹೆಸರು ಹೇಳುವಾಗ ಮಾತ್ರ ಯಜಮಾನರ ಹೆಸರು ಬರುತ್ತದೆ. ಟಿಕೆಟ್ಟಿನ ಮೇಲೆ ಅಚ್ಚಾದದ್ದೂ ಅದೇ.

ವೀರಣ್ಣನವರ ಮಗಳು ಜಿ.ವಿ. ಮಾಲತಮ್ಮ ಇದೇ ಕಂಪನಿಯ ನಟಿ. ಮಾಲತಮ್ಮನವರ ಮಗಳು ಜಯಶ್ರೀ.

ಕ್ಯಾಂಪಿನ ಶಾಲೆ

ಜಯಶ್ರೀ ಹುಟ್ಟಿದ್ದು 1950ರ ಜೂನ್ 9ರಂದು. ಮಗುವಾಗಿದ್ದಾಗಲೇ ಕಂಪನಿಯ ನಾಟಕಗಳಲ್ಲಿ ಬಣ್ಣ ಹಚ್ಚಿದರು. ಕಂಪನಿ ಮನೆತನದಲ್ಲಿ ಇದು ವಿಶೇಷವೇನಲ್ಲ. ರೈತರ ಮನೆಯ ಮಗು ನಡೆಯಲು ಕಲಿತ ಕೂಡಲೇ ಹೊಲದ ಬದುವಿಗೆ ಬರುವ ಹಾಗೆ, ನಾಟಕದವರ ಮನೆಯ ಮಗು ರಂಗಕ್ಕೆ ಬರುತ್ತದೆ. ಕೃಷ್ಣ, ಲೋಹಿತಾಶ್ವ, ಪ್ರಹ್ಲಾದ ಎಂದು ಕಂಪನಿ ನಾಟಕಗಳಲ್ಲಿ ಮಕ್ಕಳ ಪಾತ್ರಕ್ಕೇನು ಬರವೇ?

ಆ ಶಾಲೆಯಲ್ಲಿ ಕಲಿಸುತ್ತಿದ್ದದ್ದು ಏನು ಎನ್ನುವುದನ್ನು ಗಮನಿಸಬೇಕು. ಮೊದಲನೆಯದು ದನಿ. ಮೈಕು ಇಲ್ಲದ, ಇದ್ದರೂ ನೆಚ್ಚುವಂತಿಲ್ಲದ ಕಾಲ. ಟೆಂಟಿನ ಕೊನೆಯಲ್ಲಿ ನೆಲದ ಟಿಕೆಟ್ಟಿನವನು ಕೂತಿರುತ್ತಾನೆ. ಅವನಿಗೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳಬೇಕು. ಮಳೆ ಬಂದು ತಗಡಿನ ಮೇಲೆ ಸದ್ದಾದರೂ ಕೇಳಬೇಕು. ಕೇಳದಿದ್ದರೆ ಅವನು ಸುಮ್ಮನೆ ಕೂರುವವನಲ್ಲ, ಸಿಳ್ಳೆ ಹೊಡೆದು ಎಬ್ಬಿಸುತ್ತಾನೆ. ಹಾಗಾಗಿ ಕಂಪನಿಯ ನಟಿ ಗಂಟಲಿನಿಂದ ಮಾತಾಡುವುದಿಲ್ಲ, ಹೊಟ್ಟೆಯಿಂದ ಮಾತಾಡುತ್ತಾಳೆ.

ಎರಡನೆಯದು ಹಾಡು. ಮಾತು ಮುಗಿದಲ್ಲಿ ಹಾಡು ಎತ್ತಬೇಕು, ಹಾಡು ಮುಗಿದಲ್ಲಿ ಮತ್ತೆ ಮಾತಿಗೆ ಇಳಿಯಬೇಕು. ಜನ ಒನ್ಸ್ ಮೋರ್ ಎಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಂದು ಸಲ ಹಾಡಬೇಕು.

ಮೂರನೆಯದು ಎಲ್ಲ ಕೆಲಸ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಅವಳ ಪಾತ್ರಕ್ಕೆ ನಿಲ್ಲಬೇಕು. ಇವತ್ತು ರಾಣಿ, ನಾಳೆ ದಾಸಿ, ನಾಡಿದ್ದು ಮುದುಕಿ. ಜಯಶ್ರೀ ಅವರನ್ನು ಪತ್ರಿಕೆಗಳು 'ಬಹುಮುಖ ಪ್ರತಿಭೆ' ಎಂದು ಬರೆಯುತ್ತವೆ. ಕಂಪನಿಯ ಭಾಷೆಯಲ್ಲಿ ಅದು ಹೊಟ್ಟೆಪಾಡಿನ ಮೊದಲ ಪಾಠ. ಒಂದೇ ಪಾತ್ರ ಬರುವವರಿಗೆ ಕ್ಯಾಂಪಿನಲ್ಲಿ ಜಾಗ ಇರಲಿಲ್ಲ.

ದೆಹಲಿಯ ಶಾಲೆ

ಜಯಶ್ರೀ ಬೆಳೆಯುವ ಹೊತ್ತಿಗೆ ಕಂಪನಿಗಳಿಗೆ ಕಷ್ಟಕಾಲ ಶುರುವಾಗಿತ್ತು. ಕಂಪನಿಯವರೇ ಕಟ್ಟಿ ಬೆಳೆಸಿದ ಸಿನಿಮಾ ಕಂಪನಿಯ ಪ್ರೇಕ್ಷಕರನ್ನು ಎಳೆದುಕೊಳ್ಳುತ್ತಿತ್ತು. ಟೂರಿಂಗ್ ಟಾಕೀಸು ಊರಿಗೆ ಬಂದರೆ ನಾಟಕದ ಟೆಂಟು ಖಾಲಿ.

ಈ ಹೊತ್ತಿನಲ್ಲಿ ಅವರು ದೆಹಲಿಗೆ ಹೋಗಿ ರಾಷ್ಟ್ರೀಯ ನಾಟಕ ಶಾಲೆ ಸೇರಿದರು. ಆಗ ಅದರ ನಿರ್ದೇಶಕರು ಇಬ್ರಾಹಿಂ ಅಲ್ಕಾಜಿ. ಶಿಸ್ತಿಗೆ ಹೆಸರಾದವರು. ಕಂಪನಿಯ ಶಾಲೆಗೂ ಈ ಶಾಲೆಗೂ ಅಜಗಜಾಂತರ. ಅಲ್ಲಿ ಜನ ಕೇಳಿದ್ದನ್ನು ಕೊಡಬೇಕು. ಇಲ್ಲಿ ನಾಟಕಕಾರ ಬರೆದದ್ದನ್ನು ಸಾಲು ಸಾಲು ಬಿಡಿಸಿ ಅರ್ಥ ಮಾಡಿಕೊಳ್ಳಬೇಕು. ಅಲ್ಲಿ ದೊಡ್ಡ ದನಿ, ದೊಡ್ಡ ಅಭಿನಯ. ಇಲ್ಲಿ ಬೆಳಕು, ರಂಗಸಜ್ಜಿಕೆ, ಮೈಯ ಚಲನೆ, ಮೌನ ಎಲ್ಲವನ್ನೂ ಲೆಕ್ಕ ಹಾಕಿ ಬಳಸಬೇಕು. ಓದಿದ್ದು ಹಿಂದಿ, ಇಂಗ್ಲಿಷಿನ ನಡುವೆ.

1972ರಲ್ಲಿ ಗುಬ್ಬಿ ವೀರಣ್ಣನವರು ತೀರಿಕೊಂಡರು. ಮರುವರ್ಷ, 1973ರಲ್ಲಿ, ಮೊಮ್ಮಗಳು ದೆಹಲಿಯಿಂದ ಪದವಿ ಪಡೆದು ಹೊರಬಂದರು.

ಬೆಂಗಳೂರಿನಲ್ಲಿ ಆಗ ಹೊಸ ಗಾಳಿ ಬೀಸುತ್ತಿತ್ತು. ಗುಬ್ಬಿ ಕಂಪನಿಯ ಹಳೆಯ ಹುಡುಗ ಬಿ.ವಿ. ಕಾರಂತರು 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ಆಡಿಸಿ ಎಲ್ಲರನ್ನೂ ಬೆರಗಾಗಿಸಿದ್ದರು. ಬ್ಯಾಂಕು, ಕಾಲೇಜು, ಕಾರ್ಖಾನೆಯಲ್ಲಿ ಕೆಲಸ ಮಾಡುವವರು ಸಂಜೆ ಬಂದು ನಾಟಕ ಕಲಿಯುತ್ತಿದ್ದರು. ಇದನ್ನು ಹವ್ಯಾಸಿ ರಂಗಭೂಮಿ ಎಂದು ಕರೆದರು. ಈ ಹೊಸಬರಲ್ಲಿ ಹಲವರಿಗೆ ಕಂಪನಿ ನಾಟಕ ಎಂದರೆ ಅಷ್ಟಕ್ಕಷ್ಟೆ. ಕೂಗಾಟ, ಮಿಂಚಿನ ಪರದೆ, ಅಳುಬುರುಕ ಕಥೆ ಎಂದು ಮೂಗು ಮುರಿಯುತ್ತಿದ್ದರು. ಕಂಪನಿಯವರಿಗೂ ಇವರ ನಾಟಕ ಅರ್ಥವಾಗದ ನಾಟಕ.

ಎರಡೂ ಕಡೆ ಕಾಲಿಟ್ಟು ನಿಲ್ಲಬಲ್ಲವರು ಕೆಲವೇ ಮಂದಿ. ಕಾರಂತರು ಒಬ್ಬರು, ಜಯಶ್ರೀ ಇನ್ನೊಬ್ಬರು. ಕಾರಂತರು ಕಂಪನಿಗೆ ಹೊರಗಿನಿಂದ ಬಂದು ಸೇರಿದವರು. ಜಯಶ್ರೀ ಅದರೊಳಗೇ ಹುಟ್ಟಿದವರು. ಮುಂದೆ ಅವರು ಕಾರಂತರ ಜೊತೆಯಲ್ಲೂ ಕೆಲಸ ಮಾಡಿದರು.

ಸ್ಪಂದನ ಮತ್ತು ಕರಿಮಾಯಿ

1976ರಲ್ಲಿ 'ಸ್ಪಂದನ' ಎಂಬ ತಂಡ ಹುಟ್ಟಿತು. ಜಯಶ್ರೀ ಅವರ ನಿರ್ದೇಶನದ ಮುಖ್ಯ ಕೆಲಸಗಳೆಲ್ಲ ಈ ತಂಡದ ಮೂಲಕ ನಡೆದವು. ಇಲ್ಲಿ ಅವರು ನಟಿ ಮಾತ್ರ ಆಗಿರಲಿಲ್ಲ. ನಾಟಕ ಆರಿಸುವುದು, ಹಾಡು ಕಟ್ಟಿಸುವುದು, ಹುಡುಗರನ್ನು ಪಳಗಿಸುವುದು, ತಂಡ ಹೊತ್ತುಕೊಂಡು ಊರೂರು ತಿರುಗುವುದು ಎಲ್ಲವೂ ಅವರ ತಲೆಯ ಮೇಲೆ. ಅಜ್ಜ ಕಂಪನಿಯ ಯಜಮಾನರಾಗಿದ್ದರಲ್ಲ, ಮೊಮ್ಮಗಳು ತನ್ನ ತಂಡಕ್ಕೆ ಯಜಮಾನಿಯಾದರು. ಹೆಂಗಸೊಬ್ಬರು ತಂಡ ಕಟ್ಟಿ, ನಿರ್ದೇಶಿಸಿ, ದಶಕಗಳ ಕಾಲ ಉಳಿಸಿಕೊಂಡದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ತಂಡ ಆಡಿದ 'ಲಕ್ಷಾಪತಿ ರಾಜನ ಕಥೆ' ಜನಪದ ಕಥೆಯೊಂದರಿಂದ ಎದ್ದು ಬಂದ ನಾಟಕ. 'ಕರಿಮಾಯಿ' ಚಂದ್ರಶೇಖರ ಕಂಬಾರರ ಕಾದಂಬರಿಯಿಂದ ಬಂದದ್ದು. ಕರಿಮಾಯಿಯ ಕಥೆ ಹಳ್ಳಿಯವರಿಗೆ ಹೇಳಿಕೊಡಬೇಕಾದ್ದಿಲ್ಲ. ಶಿವಾಪುರ ಎಂಬ ಊರು, ಊರ ದೇವಿ ಕರಿಮಾಯಿ, ದೇವಿಯ ಮೇಲೆ ಭಾರ ಹಾಕಿ ಊರು ನಡೆಸುವ ಹಳೆಯ ಗೌಡ. ಬ್ರಿಟಿಷರ ಕಾಲ. ಪಟ್ಟಣದಲ್ಲಿ ಓದಿ ಬಂದ ಗುಡಸೀಕರ ಊರನ್ನು ಹೊಸದು ಮಾಡುತ್ತೇನೆ ಎಂದು ಹೊರಡುತ್ತಾನೆ. ಹಳೆಯದು, ಹೊಸದು ಢಿಕ್ಕಿ ಹೊಡೆದಾಗ ಊರು ಏನಾಗುತ್ತದೆ ಎನ್ನುವುದೇ ಕಥೆ.

ಈ ಕಥೆಯನ್ನು ಮಾತಿನಲ್ಲಿ ಹೇಳಿಬಿಟ್ಟರೆ ಭಾಷಣ ಆಗುತ್ತದೆ. ಜಯಶ್ರೀ ಅದನ್ನು ಹಾಡಿನಲ್ಲಿ, ಕುಣಿತದಲ್ಲಿ, ಮೇಳದ ಗುಂಪಿನಲ್ಲಿ ಹೇಳಿದರು. ಊರ ಹಬ್ಬದಲ್ಲಿ ತಮಟೆ ಬಡಿದಾಗ ಕಾಲು ತಾನಾಗಿ ಎದ್ದು ಬರುತ್ತದಲ್ಲ, ಹಾಗೆ. ಕಂಪನಿಯಲ್ಲಿ ಕಲಿತ ಗಟ್ಟಿ ದನಿ, ದೆಹಲಿಯಲ್ಲಿ ಕಲಿತ ರಂಗದ ಲೆಕ್ಕಾಚಾರ, ಹಳ್ಳಿಯ ಜನಪದದ ಲಯ ಮೂರೂ ಇಲ್ಲಿ ಒಂದಾದವು. ಓದಿದವರಿಗೂ ಓದದವರಿಗೂ ಒಂದೇ ಸಲಕ್ಕೆ ತಲುಪುವ ನಾಟಕ ಇದು. ರಂಗಭೂಮಿಯ ಈ ಕೆಲಸಕ್ಕೆ ಅವರಿಗೆ 1996ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು.

ಬೇರೆಯವರ ತುಟಿ, ಇವರ ಮಾತು

ಈಗ ಸಿನಿಮಾದ ಕಥೆಗೆ ಬರೋಣ. ಇದು ನಮಗೆ ಬಹಳ ಮುಖ್ಯ ಅನ್ನಿಸುವ ಭಾಗ.

ಒಂದು ಕಾಲದಲ್ಲಿ ಕನ್ನಡ ಸಿನಿಮಾದ ನಾಯಕಿಯರಲ್ಲಿ ಹಲವರು ಬೇರೆ ಭಾಷೆಯ ನಾಡಿನಿಂದ ಬಂದವರು. ಮುಖ ಚೆನ್ನ, ಅಭಿನಯ ಚೆನ್ನ. ಕನ್ನಡದ ಮಾತು ಮಾತ್ರ ತುಟಿಯಲ್ಲಿ ಪೂರ್ತಿ ಹೊರಳುತ್ತಿರಲಿಲ್ಲ. ಆಗ ಕನ್ನಡ ಬಲ್ಲ ಬೇರೊಬ್ಬರಿಂದ ಮಾತು ಕೊಡಿಸುತ್ತಿದ್ದರು. ಇದೇ ಡಬ್ಬಿಂಗ್.

ಡಬ್ಬಿಂಗ್ ಥಿಯೇಟರ್ ಎಂದರೆ ಸದ್ದು ಒಳಗೆ ಬಾರದ ಒಂದು ಕತ್ತಲೆ ಕೋಣೆ. ಎದುರಿಗೆ ಪರದೆ, ಮುಂದೆ ಮೈಕು. ದೃಶ್ಯದ ಒಂದು ತುಂಡು ಪರದೆಯ ಮೇಲೆ ಮತ್ತೆ ಮತ್ತೆ ಓಡುತ್ತದೆ. ಪರದೆಯ ಮೇಲಿನ ನಟಿ ತುಟಿ ತೆರೆದಾಗ ಇವರ ಮಾತು ಶುರುವಾಗಬೇಕು, ತುಟಿ ಮುಚ್ಚಿದಾಗ ಮುಗಿಯಬೇಕು. ಅರೆ ಕ್ಷಣ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅವಳು ಓಡಿ ಬಂದು ಮಾತಾಡಿದರೆ ಇವರು ನಿಂತಲ್ಲೇ ಏದುಸಿರು ಬಿಡಬೇಕು. ಅವಳು ಅತ್ತರೆ ಇವರು ಅಳಬೇಕು. ಅವಳ ಅಳುವಿಗೆ ಕಥೆಯ ಕಾವು ಇರುತ್ತದೆ, ಎದುರಿಗೆ ನಾಯಕ ಇರುತ್ತಾನೆ. ಇವರ ಎದುರಿಗೆ ಇರುವುದು ಮೈಕು ಒಂದೇ.

ಮಾಧವಿ, ಗಾಯತ್ರಿ, ಅಂಬಿಕಾ, ಸುಮಲತಾ ಹೀಗೆ ಹಲವು ನಾಯಕಿಯರಿಗೆ ಜಯಶ್ರೀ ದನಿ ಕೊಟ್ಟರು. ಅದರಲ್ಲೂ ರಾಜ್‌ಕುಮಾರ್ ಚಿತ್ರಗಳಲ್ಲಿ. ಸುಮ್ಮನೆ ಯೋಚಿಸಿ ನೋಡಿ. ಅಜ್ಜನ ಕಂಪನಿಯಲ್ಲಿ ಬೆಳೆದ ಹುಡುಗ ಪರದೆಯ ಮೇಲೆ ಮಾತಾಡುತ್ತಿದ್ದಾರೆ. ಅವರಿಗೆ ಎದುರುತ್ತರ ಕೊಡುತ್ತಿರುವ ದನಿ ಆ ಅಜ್ಜನ ಮೊಮ್ಮಗಳದು. ಇಬ್ಬರದೂ ಕಂಪನಿಯ ಕನ್ನಡ. ಅಕ್ಷರ ಸ್ವಚ್ಛ, ಉಸಿರು ಉದ್ದ. ಟೆಂಟಿನ ಕೊನೆಯ ಸಾಲಿಗೆ ಕೇಳಲಿ ಎಂದು ಪಳಗಿಸಿದ ದನಿಯನ್ನೇ ಅವರು ಮೈಕಿನ ಮುಂದೆ ಪಿಸುಮಾತಿಗೂ ಇಳಿಸಬಲ್ಲವರಾಗಿದ್ದರು.

ಪರದೆಯ ಮುಂದೆ ಕೂತವರಿಗೆ ಇದು ಗೊತ್ತಾಗಲಿಲ್ಲ. ಗೊತ್ತಾಗಬಾರದು ಎನ್ನುವುದೇ ಆ ಕೆಲಸದ ನಿಯಮ. ಚೆನ್ನಾಗಿ ಮಾಡಿದಷ್ಟೂ ಮಾಡಿದವರು ಮರೆಯಾಗುತ್ತಾರೆ. ನಮ್ಮ ತಾಯಂದಿರು ಎಷ್ಟೋ ನಾಯಕಿಯರ ಮಾತಿಗೆ ಕಣ್ಣೀರು ಹಾಕಿದ್ದಾರೆ. ಆ ಕಣ್ಣೀರಿನಲ್ಲಿ ಒಂದು ಪಾಲು ಜಯಶ್ರೀಗೆ ಸಲ್ಲಬೇಕಾದದ್ದು.

ಅವರ ಆತ್ಮಕಥನದ ಹೆಸರು 'ಕಣ್ಣಾಮುಚ್ಚೇ ಕಾಡೇಗೂಡೇ'. ಮಕ್ಕಳ ಕಣ್ಣಾಮುಚ್ಚಾಲೆ ಆಟದ ಮಾತು. ಇದ್ದೂ ಕಾಣಿಸದ ಈ ದುಡಿಮೆಯನ್ನು ನೆನೆದರೆ ಆ ಹೆಸರು ಎಷ್ಟು ಸರಿಯಾಗಿದೆ ಅನ್ನಿಸುತ್ತದೆ.

ಕುರುಡವ್ವನ ಮುಖ

ದನಿಯ ಜೊತೆ ಮುಖವೂ ಕಂಡದ್ದು ಟಿ.ಎಸ್. ನಾಗಾಭರಣ ನಿರ್ದೇಶಿಸಿದ 'ನಾಗಮಂಡಲ'ದಲ್ಲಿ. 1997ರ ಚಿತ್ರ. ಗಿರೀಶ ಕಾರ್ನಾಡರ ನಾಟಕ ಆಧರಿಸಿದ್ದು. ಪ್ರಕಾಶ್ ರೈ, ವಿಜಯಲಕ್ಷ್ಮಿ ಮುಖ್ಯ ಪಾತ್ರಗಳಲ್ಲಿದ್ದರು. ಸಿ. ಅಶ್ವತ್ಥ್ ಅವರ ಹಾಡುಗಳು ಇಂದಿಗೂ ನಮ್ಮ ಬಾಯಲ್ಲಿವೆ.

ಕಥೆ ನಿಮಗೆ ಗೊತ್ತು. ಮದುವೆಯಾಗಿ ಬಂದ ರಾಣಿಯನ್ನು ಗಂಡ ಮನೆಯೊಳಗೆ ಕೂಡಿ ಹಾಕಿ ಬೀಗ ಹಾಕಿಕೊಂಡು ಹೋಗುತ್ತಾನೆ. ಆ ಹುಡುಗಿಯ ಕಷ್ಟಕ್ಕೆ ಕಿವಿಗೊಡುವ ಒಂದು ಜೀವ ಕುರುಡವ್ವ. ಕಣ್ಣಿಲ್ಲದ ಮುದುಕಿ. ಮಗ ಕಪ್ಪಣ್ಣ ಅವಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತಾನೆ. ಆ ಪಾತ್ರ ಮಂಡ್ಯ ರಮೇಶ್ ಅವರದು. ಗಂಡನನ್ನು ಒಲಿಸಿಕೊಳ್ಳಲು ಬೇರು ಕೊಡುವವಳು ಈ ಕುರುಡವ್ವನೇ. ಕಥೆ ತಿರುಗುವುದೇ ಅಲ್ಲಿಂದ.

ನಮ್ಮ ಊರುಗಳಲ್ಲಿ ಇಂಥ ಒಬ್ಬ ಅಜ್ಜಿ ಇದ್ದೇ ಇರುತ್ತಾಳೆ. ನಾಟಿ ಔಷಧಿ ಕೊಡುವವಳು, ದೃಷ್ಟಿ ತೆಗೆಯುವವಳು, ಸೊಸೆಯಂದಿರ ಗುಟ್ಟು ಕೇಳಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳು. ಜಯಶ್ರೀ ಆ ಪಾತ್ರವನ್ನು ಮಾಡಿದಾಗ ಸಿನಿಮಾ ನಟಿ ಕಾಣಲಿಲ್ಲ, ಆ ಅಜ್ಜಿ ಕಂಡಳು. ನಾಯಕಿಯಾಗಿ ಮೆರೆಯುವ ಆಸೆ ಇಟ್ಟುಕೊಂಡವರಿಗೆ ಇಂಥ ಪಾತ್ರ ಒಲಿಯುವುದು ಕಷ್ಟ. ಇವತ್ತು ರಾಣಿ ನಾಳೆ ಮುದುಕಿ ಎಂದು ಕ್ಯಾಂಪಿನಲ್ಲಿ ಕಲಿತವರಿಗೆ ಅದು ಇನ್ನೊಂದು ದಿನದ ಕೆಲಸ.

ನಾಲ್ಕು ವರ್ಷದ ನಂತರ ಬಂದದ್ದು, ಮೊದಲು ಹೇಳಿದ ಕಾರಿನ ಹಾಡು. ಸಿನಿಮಾದ ಹೆಣ್ಣು ದನಿ ಎಂದರೆ ಸಕ್ಕರೆಯಂತೆ ತೆಳ್ಳಗಿರಬೇಕು ಎನ್ನುವ ಕಾಲದಲ್ಲಿ ಐವತ್ತು ದಾಟಿದ ಒಬ್ಬ ರಂಗನಟಿ ಬಂದು ಎದೆ ಬಿಚ್ಚಿ ಹಾಡಿದರು. ಹಳ್ಳಿಗಳು ಆ ದನಿಯನ್ನು ಕೂಡಲೇ ಅಪ್ಪಿಕೊಂಡವು. ಸೋಬಾನೆ ಹಾಡುವ, ಗದ್ದೆಯಲ್ಲಿ ನಾಟಿ ಹಾಕುತ್ತ ಹಾಡುವ ನಮ್ಮ ಹೆಂಗಸರ ದನಿಯೂ ಅದೇ ತಾನೇ.

ಸಂಸತ್ತಿನಲ್ಲಿ

2009ರಲ್ಲಿ ಜಯಶ್ರೀ ಅವರು ಮೈಸೂರಿನ ರಂಗಾಯಣದ ನಿರ್ದೇಶಕರಾದರು. ಕಾರಂತರು 1989ರಲ್ಲಿ ಕಟ್ಟಿದ ಸಂಸ್ಥೆ ಅದು. ಗುಬ್ಬಿ ವೀರಣ್ಣ ಓದಿಸಿದ ಹುಡುಗ ಕಟ್ಟಿದ ಮನೆಗೆ ವೀರಣ್ಣನವರ ಮೊಮ್ಮಗಳು ಯಜಮಾನಿಯಾಗಿ ಬಂದ ಹಾಗಾಯಿತು.

2010ರಲ್ಲಿ ರಾಷ್ಟ್ರಪತಿಗಳು ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಿದರು. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆ ಈ ಕ್ಷೇತ್ರಗಳಿಂದ ರಾಜ್ಯಸಭೆಗೆ ಹನ್ನೆರಡು ಮಂದಿಯನ್ನು ನಾಮಕರಣ ಮಾಡಲು ಸಂವಿಧಾನದಲ್ಲಿ ಅವಕಾಶವಿದೆ. ಓಟು ಕೇಳಿ ಗೆಲ್ಲಬೇಕಾಗಿಲ್ಲ, ಕೆಲಸ ನೋಡಿ ಕರೆಯುತ್ತಾರೆ. 2016ರವರೆಗೆ ಅವರು ಸದಸ್ಯರಾಗಿದ್ದರು. ನಡುವೆ 2013ರಲ್ಲಿ ಪದ್ಮಶ್ರೀ ಬಂತು. ವೀರಣ್ಣನವರಿಗೂ 1972ರಲ್ಲಿ, ತೀರಿಕೊಂಡ ವರ್ಷವೇ, ಪದ್ಮಶ್ರೀ ಬಂದಿತ್ತು.

ಬಾಡಿಗೆ ಮನೆ ಕೊಡಲು ಊರಿನವರು ಹಿಂದುಮುಂದು ನೋಡುತ್ತಿದ್ದ ನಾಟಕದ ಹೆಂಗಸರ ಸಂತಾನದಲ್ಲಿ ಒಬ್ಬರು ದೇಶದ ಸಂಸತ್ತಿನಲ್ಲಿ ಕೂತರು. ಸುಂದರಮ್ಮ, ಜಯಮ್ಮ, ಮಾಲತಮ್ಮ ನಡೆದ ದಾರಿ ಅಲ್ಲಿಗೆ ಹೋಗಿ ಮುಟ್ಟಿತು ಎಂದರೆ ಅವರೆಲ್ಲರ ದುಡಿಮೆಗೂ ಒಂದು ಲೆಕ್ಕ ಸಿಕ್ಕಿತು.

ನಮ್ಮೂರ ಕರಪತ್ರ

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಊರಿಗೆ ವಾಪಸ್ ಬರೋಣ.

ನಮ್ಮ ತುಮಕೂರು, ಮಂಡ್ಯ, ಹಾಸನ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಈಗಲೂ ಜೀವಂತ. ಡ್ರಾಮಾ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಹಾರ್ಮೋನಿಯಂ ಹಿಡಿದು ಕಲಿಸುತ್ತಾರೆ. ದುರ್ಯೋಧನ, ಕೃಷ್ಣ, ಭೀಮ ನಮ್ಮವರೇ. ದ್ರೌಪದಿ, ಕುಂತಿ, ರುಕ್ಮಿಣಿ ಪಾತ್ರಕ್ಕೆ ಮಾತ್ರ ಪಟ್ಟಣದಿಂದ ನಟಿಯರನ್ನು ಕರೆಸುತ್ತೇವೆ. ಊರ ಗಂಡಸರು ಮೂರು ತಿಂಗಳು ಕಲಿತ ನಾಟಕಕ್ಕೆ ಅವರು ಅದೇ ದಿನ ಸಂಜೆ ಬಂದು, ರಾತ್ರಿಯಿಡೀ ಒಂದಕ್ಷರ ತಪ್ಪದೆ ಹಾಡಿ, ಮಾತು ಮರೆತ ನಮ್ಮ ದುರ್ಯೋಧನನಿಗೂ ಮೆಲ್ಲಗೆ ಹೇಳಿಕೊಟ್ಟು, ಬೆಳಗಿನ ಮೊದಲ ಬಸ್ಸಿಗೆ ವಾಪಸ್ ಹೋಗುತ್ತಾರೆ. ನಾಟಕ ಗೆಲ್ಲುವುದು ಹೆಚ್ಚಿನ ಸಲ ಅವರಿಂದಲೇ. ಗುಬ್ಬಿ ಕಂಪನಿಯ ಸುಂದರಮ್ಮ, ಜಯಮ್ಮನವರು ತೆರೆದ ದಾರಿಯಲ್ಲಿ ಇನ್ನೂ ನಡೆಯುತ್ತಿರುವವರು ಇವರು.

ಹೋದ ವರ್ಷದ ನಾಟಕದ ಕರಪತ್ರ ಮನೆಯಲ್ಲಿದ್ದರೆ ತೆಗೆದು ನೋಡಿ. ಮೇಲೆ ಗಣ್ಯರ ಫೋಟೋ. ನಂತರ ದಾನಿಗಳ ಹೆಸರು. ನಂತರ ಊರ ಪಾತ್ರಧಾರಿಗಳು, ತಂದೆಯ ಹೆಸರು, ಕೆಲವರಿಗೆ ಫೋಟೋ ಸಮೇತ. ಕೆಳಗೆ ಎಲ್ಲೋ ಒಂದು ಸಾಲಿನಲ್ಲಿ 'ಸ್ತ್ರೀ ಪಾತ್ರ' ಎಂದು ಬರೆದು ಆ ನಟಿಯರ ಹೆಸರು. ಕೆಲವು ಕರಪತ್ರದಲ್ಲಿ ಅದೂ ಇರುವುದಿಲ್ಲ, 'ಪ್ರಸಿದ್ಧ ನಟಿಯರಿಂದ' ಎಂದಷ್ಟೇ ಇರುತ್ತದೆ. ಪ್ರಸಿದ್ಧರಂತೆ, ಹೆಸರಿಲ್ಲವಂತೆ!

ಬಣ್ಣ ಹಚ್ಚಿಕೊಳ್ಳಲು ಅವರಿಗೆ ಬಾಗಿಲಿರುವ ಒಂದು ಕೋಣೆ, ಶೌಚಾಲಯ, ಬಸ್ಸು ಬರುವವರೆಗೆ ಒರಗಲು ಒಂದು ಜಾಗ ಇದೆಯೇ ಎಂದು ಕೇಳುವವರು ಎಷ್ಟು ಜನ? ರಂಗದ ಮೇಲೆ ದ್ರೌಪದಿಯ ಮಾನ ಉಳಿಸಲು ಕೃಷ್ಣ ಬರುತ್ತಾನೆ. ರಂಗದ ಹಿಂದೆ ಅದೇ ದ್ರೌಪದಿ ಸೀರೆ ಬದಲಿಸಲು ತಗಡಿನ ಮರೆ ಹುಡುಕುತ್ತಾಳೆ.

ಜಯಶ್ರೀ ಅವರಿಗೆ ತಡವಾಗಿಯಾದರೂ ಪ್ರಶಸ್ತಿ, ಹುದ್ದೆ, ಗೌರವ ಬಂತು. ಗುಬ್ಬಿ ಎಂಬ ದೊಡ್ಡ ಹೆಸರು ಬೆನ್ನಿಗಿದ್ದೂ ಅವರ ಅರ್ಧ ಕೆಲಸ ನಮಗೆ ಗೊತ್ತೇ ಆಗಲಿಲ್ಲ. ಅಂಥ ಹೆಸರು ಬೆನ್ನಿಗಿಲ್ಲದವರ ಪಾಡು ಏನಿರಬೇಕು?

ಈ ವರ್ಷದ ನಾಟಕಕ್ಕೆ ಕರಪತ್ರ ಅಚ್ಚು ಹಾಕಿಸುವಾಗ ಒಂದು ಕೆಲಸ ಮಾಡೋಣ. ಊರ ಪಾತ್ರಧಾರಿಗಳ ಸಾಲಿನಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ಆ ನಟಿಯರ ಹೆಸರು, ಅವರ ಊರು ಹಾಕಿಸೋಣ. ಮೈಕಿನಲ್ಲಿ ಅವರ ಹೆಸರನ್ನೂ ಹೇಳೋಣ. ಸ್ಕೂಲಿನ ಒಂದು ಕೋಣೆಯ ಬೀಗ ತೆಗೆಸಿ ಕೊಡೋಣ. ಇದ್ಯಾವುದಕ್ಕೂ ದುಡ್ಡು ಬೇಕಾಗಿಲ್ಲ.

ಆಮೇಲೆ ಮುಂದಿನ ಸಲ ಜಾತ್ರೆಯಲ್ಲಿ ಆ ಕಾರಿನ ಹಾಡು ಬಂದಾಗ ಪಕ್ಕದಲ್ಲಿ ಕುಣಿಯುವ ಮಕ್ಕಳಿಗೆ ಹೇಳಿ: ಇದನ್ನು ಹಾಡಿದವರು ಬಿ. ಜಯಶ್ರೀ, ನಮ್ಮ ಗುಬ್ಬಿ ವೀರಣ್ಣನವರ ಮೊಮ್ಮಗಳು, ಮಾಲತಮ್ಮನವರ ಮಗಳು.